ಕೇಳದೆ ಬಂದ ಸಕ್ಕರೆ

ಪಕ್ಕದ ಮನೆಯ ವೈನಿಯವರ ಸ್ಟೀಲಿನ ಡಬ್ಬಿ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಂದಾದರೂ ಇದ್ದೇ ಇರುತ್ತದೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ಅವರು ದಿನ ಬಿಟ್ಟು ದಿನ ಏನಾದರೂ ಕಳಿಸುತ್ತಾರೆ. ಒಮ್ಮೆ ಝುಣಕ, ಒಮ್ಮೆ ಮಡಿಕೆಕಾಳಿನ ಪಲ್ಯ, ಹಬ್ಬವಿದ್ದರೆ ಹೋಳಿಗೆ. ನಾನು ಡಬ್ಬಿ ತೊಳೆದು, ಒರೆಸಿ, ಒಳಗೆ ಒಂದು ಹಿಡಿ ಸಕ್ಕರೆ ಹಾಕಿ ವಾಪಸು ಕೊಡುತ್ತೇನೆ. ಖಾಲಿ ಡಬ್ಬಿ ಹೊಸ್ತಿಲು ದಾಟಬಾರದು ಎಂಬುದು ನಮ್ಮ ಓಣಿಯ ರೂಢಿ. ಸಕ್ಕರೆ ಇಲ್ಲದಿದ್ದರೆ ನಾಲ್ಕು ಎಸಳು ಕರಿಬೇವಾದರೂ ಇರಬೇಕು. ಅದರ ಜೊತೆಗೇ ಇನ್ನೊಂದು ರೂಢಿ ಇದೆ: ಡಬ್ಬಿ ಕೈಗೆ ಬಂದಾಗ ಕೊಟ್ಟವರ ಎದುರಿಗೆ ಮುಚ್ಚಳ ತೆಗೆದು ನೋಡಬಾರದು. ನೋಡಿದರೆ ಅವರನ್ನು ನಂಬಲಿಲ್ಲ ಎಂದಾಗುತ್ತದೆ.

ಈ ಎರಡೂ ರೂಢಿಗಳನ್ನು ನನ್ನ ಹೆಂಡತಿ ಬಹಳ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅದಕ್ಕೆ ಕಾರಣ ಇತ್ತು. ನನ್ನ ಅಜ್ಜಿ ಅಮ್ಮಿನಬಾವಿಯಲ್ಲಿ ದೊಡ್ಡ ಮನೆಗಳ ಹಿತ್ತಲಿಗೆ ಹೋಗಿ, ಸೆರಗು ಒಡ್ಡಿ ಉಳಿದ ರೊಟ್ಟಿ ಇಸಿದುಕೊಂಡು ಬರುತ್ತಿದ್ದಳು. ಕೊಡುವವರ ಪಾತ್ರೆ ಅವಳ ಕೈಗೆ ತಾಕುತ್ತಿರಲಿಲ್ಲ. ನಾವು ಧಾರವಾಡದಲ್ಲಿ ಈ ಮನೆ ಕಟ್ಟಿಸಿಕೊಂಡು ಬಂದ ವಾರದಲ್ಲಿಯೇ ನನ್ನ ಹೆಂಡತಿ ಶೇಂಗಾ ಉಂಡಿ ಮಾಡಿ, ಡಬ್ಬಿಗೆ ತುಂಬಿ, ತಾನೇ ವೈನಿಯವರ ಮನೆಗೆ ಒಯ್ದುಕೊಟ್ಟಳು. ಅವರದು ತಲೆಮಾರುಗಳಿಂದ ಸಂಗೀತ ಹೇಳಿಕೊಡುವ ಮನೆತನ. ನನಗೆ ಒಳಗೊಳಗೆ ಅಂಜಿಕೆ. ಮರುದಿನ ಡಬ್ಬಿ ವಾಪಸು ಬಂತು. ವೈನಿಯವರು ಹೋಗುವ ತನಕ ಕಾದು ಇವಳು ಮುಚ್ಚಳ ತೆಗೆದಳು. ಒಳಗೆ ಸಕ್ಕರೆ ಇತ್ತು. ಅದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಅದೇ ಸಕ್ಕರೆ ಹಾಕಿ ಚಹಾ ಮಾಡಿದಳು.

ಅವಳು ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದಳು. ವಿದ್ಯಾರ್ಥಿಗಳಿಗೆಲ್ಲ ಲ್ಯಾಬ್ ಅಕ್ಕೋರು. ನಾನು ಶಿಕ್ಷಣ ಇಲಾಖೆಯ ಹುಬ್ಬಳ್ಳಿಯ ಕಚೇರಿಯೊಂದರಲ್ಲಿ ಗುಮಾಸ್ತ. ಬೆಳಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಅಮರಗೋಳ ದಾಟುವ ಹೊತ್ತಿಗೆ ತೂಕಡಿಸುತ್ತ ಬರುವವನು. ಕಂಪ್ಯೂಟರಿನಲ್ಲಿ ಪತ್ರ ಹೊಡೆಯುವುದಕ್ಕಿಂತ ಹೆಚ್ಚು ನನಗೇನೂ ಬರುತ್ತಿರಲಿಲ್ಲ. ನಿವೃತ್ತನಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂತಿದ್ದವನಿಗೆ ಅವಳೇ ಒಂದು ಕೆಲಸ ಹಚ್ಚಿದಳು.

ಹೆಬ್ಬಳ್ಳಿ, ಅಮ್ಮಿನಬಾವಿ ಕಡೆಯಿಂದ ಬಸ್ಸು ಹಿಡಿದು ಬರುವ ಹುಡುಗಿಯರಿಗೆ ಇಂಗ್ಲಿಷ್ ಪುಸ್ತಕ ಕಂಡರೆ ಜೀವ ಹಾರುತ್ತಿತ್ತು. ಅವರಿಗಾಗಿ ಅವಳು ಬಿಡುವಿನ ಪಿರಿಯಡ್ಡಿನಲ್ಲಿ ಕಿವಿಗೆ ಮೈಕು ಸಿಕ್ಕಿಸಿಕೊಂಡು, ನಮ್ಮ ಮಾತಿನಲ್ಲೇ ಪಾಠ ಹೇಳಿ ಧ್ವನಿಮುದ್ರಿಸಿ, ಲ್ಯಾಬಿನ ಹಳೆಯ ಸರ್ವರಿನಲ್ಲಿ ಇಡುತ್ತಿದ್ದಳು. ಹಗಲು ರಾತ್ರಿ ನಡೆಯುತ್ತಲೇ ಇರುವ ಯಂತ್ರ ಅದು. ಅಲ್ಲಿಂದ ನಮ್ಮ ಮನೆಯ ಕಂಪ್ಯೂಟರಿಗೆ ಒಂದೊಂದೇ ಪಾಠ ನಕಲು ಮಾಡಿಕೊಂಡು ಕೇಳುವುದು ನನ್ನ ಕೆಲಸ.

"ನಿಮಗ ತಿಳೀತಂದ್ರ ಹುಡುಗ್ಯಾರಿಗೆ ತಿಳದಂಗ" ಅಂದಳು.

"ಅಂದ್ರ ನಾ ದಡ್ಡ ಅಂತೇನು?"

"ದಡ್ಡ ಅಂದೆನೇನ್ರಿ? ಪರೀಕ್ಷಾಕ್ಕ ಒಬ್ಬರು ಬೇಕಲ್ಲ."

ಒಂದು ಯಂತ್ರದಿಂದ ಇನ್ನೊಂದಕ್ಕೆ ನಕಲು ಮಾಡುವ ಕಮಾಂಡ್ ಇದೆ, ಮೂರೇ ಅಕ್ಷರದ್ದು. ಆ ಮೂರಕ್ಷರ ಹೊಡೆದು, ಅವಳ ಯಂತ್ರದ ಹೆಸರು, ಬೇಕಾದ ಪಾಠದ ಹೆಸರು, ತಂದು ಇಡಬೇಕಾದ ಜಾಗ, ಇಷ್ಟನ್ನು ಬರೆದು ಎಂಟರ್ ಒತ್ತಬೇಕು. ಅವಳು ಪಕ್ಕದಲ್ಲಿ ಕೂತು ಹೇಳಿಕೊಟ್ಟಳು. ನಾನು ಒಂದೇ ಬೆರಳಿನಲ್ಲಿ ಕುಟ್ಟಿದೆ. ನಾಲ್ಕಾರು ದಿನದಲ್ಲಿ ಬೆರಳಿಗೆ ಅದು ಬಾಯಿಪಾಠವಾಯಿತು. ಮಧ್ಯಾಹ್ನ ಊಟವಾಗಿ ಒಂದು ನಿದ್ದೆ ತೆಗೆದೆದ್ದು ಪಾಠ ತರಿಸಿಕೊಳ್ಳುತ್ತಿದ್ದೆ. ಕೇಳಿ ಮುಗಿಯುವ ಹೊತ್ತಿಗೆ ಅವಳ ಬಸ್ಸಿನ ಸಮಯ. ಎದ್ದು ಹೊರಬಾಗಿಲಿನ ಚಿಲಕ ತೆಗೆದು, ಚಹಾಕ್ಕೆ ನೀರಿಡುತ್ತಿದ್ದೆ. ಅವಳಿಗೆ ಬಾಗಿಲು ಬಡಿಯುವುದು ಸೇರುತ್ತಿರಲಿಲ್ಲ. ತನ್ನ ಮನೆಗೆ ತಾನು ಬಡಿದು ಬರುವುದೇನು ಅನ್ನುವಳು.

ಒಂದು ದಿನ ಪಾಠ ಕೇಳಿದೆ, ಎರಡು ಬಂದವು. ಒಂದು ನಾನು ಹೆಸರು ಹೇಳಿ ಕೇಳಿದ ಪಾಠ. ಇನ್ನೊಂದರ ಹೆಸರು 'ಸಕ್ಕರಿ'. ತೆರೆದರೆ ಅವಳದೇ ದನಿ: "ಏನ್ರಿ, ಮಳಿ ಬರೂ ಹಂಗೈತಿ. ಮ್ಯಾಲ ಒಣಾಕ ಹಾಕಿದ್ದ ಸೀರಿ ತಗೀರಿ." ನಾನು ಗಾಬರಿಯಾಗಿ ಮೊದಲು ಮಾಳಿಗೆಗೆ ಓಡಿದೆ.

ಸಂಜೆ ಅವಳು ಬಂದಾಗ ಕೇಳಿದೆ. ಅವಳಿಗೆ ನಗು ತಡೆಯಲಾಗಲಿಲ್ಲ.

"ನಾ ಕೇಳಿದ್ದು ಒಂದು. ಎರಡ ಹೆಂಗ ಬಂದ್ವು?"

"ಡಬ್ಬಿ ಖಾಲಿ ಕಳಸಬಾರದಲ್ರಿ."

ಆಮೇಲೆ ಚಹಾ ಕುಡಿಯುತ್ತ ಬಿಡಿಸಿ ಹೇಳಿದಳು. ಆ ಕಮಾಂಡಿನ ಹಳೆಯ ಆವೃತ್ತಿಯಲ್ಲಿ ಒಂದು ದೋಷವಿತ್ತು. ನಾವು ಒಂದು ಫೈಲು ಕೇಳುತ್ತೇವೆ. ಆ ಕಡೆಯ ಯಂತ್ರ ಒಂದು ಹೆಸರು ಹೇಳಿ ಫೈಲು ಕೊಡುತ್ತದೆ. ನಾವು ಕೇಳಿದ ಹೆಸರೂ ಅದು ಕೊಟ್ಟ ಹೆಸರೂ ಒಂದೇ ಹೌದೋ ಅಲ್ಲವೋ ಎಂದು ಈ ಕಡೆ ಯಾರೂ ನೋಡುತ್ತಿರಲಿಲ್ಲ. ಕೊಟ್ಟದ್ದನ್ನೆಲ್ಲ ನಮ್ಮ ಯಂತ್ರ ಇಸಿದುಕೊಂಡು ಒಳಗೆ ಇಟ್ಟುಬಿಡುತ್ತಿತ್ತು. ಆ ಕಡೆ ಇರುವವರು ಕೆಟ್ಟವರಾದರೆ, ನಮ್ಮ ಒಳ್ಳೆಯ ಫೈಲಿನ ಹೆಸರಿನಲ್ಲೇ ತಮ್ಮದೊಂದನ್ನು ಕಳಿಸಿ ಅದನ್ನು ಅಳಿಸಿಹಾಕಬಹುದು. ಬೇಡದ್ದನ್ನು ಮನೆಯೊಳಗೆ ಸೇರಿಸಬಹುದು.

"ಇಷ್ಟ್ ವರ್ಷ ಯಾರೂ ನೋಡಿಲ್ಲೇನು ಇದನ್ನ?"

"ನೋಡಿ ಸರಿ ಮಾಡ್ಯಾರ್ರಿ. ಹೊಸಾದ್ರಾಗ ಆ ತೂತು ಮುಚ್ಚೈತಿ. ನಿಮ್ಮ ಕಂಪ್ಯೂಟರ್‌ನ್ಯಾಗ ನಾನ ಹಳೇದು ಬಿಟ್ಟೇನಿ."

"ಯಾಕ?"

"ಸಕ್ಕರಿ ಕಳಸಾಕ." ಕಪ್ಪು ಕೆಳಗಿಟ್ಟು ಹೇಳಿದಳು, "ಅಂಜಬ್ಯಾಡ್ರಿ. ನೀವು ಕೇಳೂದು ನನ್ನ ಒಂದ ಮಷಿನ್ನಿಗೆ. ನಾ ರಿಟೈರ್ ಆದ ದಿನಾ ಬಂದ ಕೂಡಲೇ ಮುಚ್ಚತೇನಿ."

ವಿದ್ಯಾರ್ಥಿಗಳಿಗೆ ಈ ದೋಷವನ್ನು ತೋರಿಸಲೆಂದೇ ಅವಳು ಲ್ಯಾಬಿನ ಆ ಯಂತ್ರದಲ್ಲಿ ಚಿಕ್ಕದೊಂದು ಪ್ರೋಗ್ರಾಮು ಬರೆದಿಟ್ಟಿದ್ದಳು. ಯಾರಾದರೂ ಒಂದು ಕೇಳಿದರೆ ಇನ್ನೊಂದನ್ನು ಸೇರಿಸಿ ಕಳಿಸುವಂಥದ್ದು. ತರಗತಿ ಮುಗಿದ ಮೇಲೆ ಅದನ್ನು ನಮ್ಮ ಮನೆಯ ಪಾಲಿಗಷ್ಟೇ ಉಳಿಸಿಕೊಂಡಳು. ಹೊತ್ತು ಸಿಕ್ಕಾಗ ನಾಲ್ಕು ಮಾತು ಮುದ್ರಿಸಿ ಒಂದು ಫೋಲ್ಡರಿಗೆ ಹಾಕುವಳು. ನಾನು ಪಾಠ ಕೇಳಿದಾಗಲೆಲ್ಲ ಅದರಿಂದ ಒಂದು ನನ್ನ ಕಡೆ ಬರುತ್ತಿತ್ತು.

ಅದರಲ್ಲಿ ಏನಿರುತ್ತಿತ್ತು ಅಂತ ದೊಡ್ಡದಾಗಿ ಹೇಳಲಾರೆ. ಕೊತ್ತಂಬರಿ ತರಲು ಹೇಳುವುದು. ಗ್ಯಾಸು ಬಂದ್ ಮಾಡಿದ್ದೀರೋ ನೋಡಿ ಅನ್ನುವುದು. ಲ್ಯಾಬಿನಲ್ಲಿ ಯಾವ ಹುಡುಗಿ ಮೌಸು ಹಿಡಿದುಕೊಂಡು ಅತ್ತಳು ಎಂಬ ಸುದ್ದಿ. ಒಂದು ಮಾತ್ರ ನನಗೆ ಅಕ್ಷರ ಅಕ್ಷರವೂ ನೆನಪಿದೆ. ಅಂದು ಅವಳ ಡಬ್ಬಿಗೆ ನಾನೇ ತಿಂಡಿ ಮಾಡಿ ಹಾಕಿದ್ದೆ. "ನಿಮ್ಮ ಕೈಯಿನ ಉಪ್ಪಿಟ್ಟು ಉಣ್ಣಾಕತ್ತೇನ್ರಿ. ಉಪ್ಪು ಸಿಕ್ಕೈತಿ. ಹಿಟ್ಟೂ ಸಿಕ್ಕೈತಿ. ಉಪ್ಪಿಟ್ಟು ಎಲ್ಲೈತೋ ಹುಡುಕಾಕತ್ತೇನಿ..." ಅಷ್ಟಕ್ಕೆ ನಗು ಶುರುವಾಗಿ, ಉಸಿರು ಸಿಗದೆ, ಮೈಕು ಎಲ್ಲೋ ತಾಗಿ ದಡ್ ಎಂದು ನಿಂತುಹೋಗಿತ್ತು.

ಅವಳು ನಿವೃತ್ತಳಾಗಲಿಲ್ಲ. ಒಂದು ಬೆಳಗ್ಗೆ ಜಡೆ ಹಾಕಿಕೊಳ್ಳುತ್ತಿದ್ದವಳು ಎದೆ ಹಿಡಿದುಕೊಂಡು ಮಂಚದ ಮೇಲೆ ಕೂತಳು. ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಮ್ಮ ಪದ್ಧತಿಯಂತೆ ಬುದ್ಧನ ಚಿತ್ರದ ಮುಂದೆ ಮೇಣದ ಬತ್ತಿ ಹಚ್ಚಿ, ತ್ರಿಶರಣ ಹೇಳಿ, ಮಣ್ಣು ಮಾಡಿ ಬಂದೆವು. ಓಣಿಯವರು "ದಿನಾ ಯಾವಾಗರಿ?" ಎಂದು ಕೇಳಿದರು. ನಮ್ಮಲ್ಲಿ ತಿಥಿ ಮಾಡುವ ಆ ತರಹದ ದಿನಗಳಿಲ್ಲ ಎಂದು ಹೇಳಿದೆ. ಹೇಳುವಾಗ, ದಿನಗಳಿದ್ದಿದ್ದರೆ ಜನ ಇನ್ನಷ್ಟು ದಿನ ಬಂದುಹೋಗುತ್ತಿದ್ದರೇನೋ ಅನ್ನಿಸಿತು. ನಮಗೆ ಮಕ್ಕಳಿಲ್ಲ. ನೆಂಟರು ಅಮ್ಮಿನಬಾವಿಯ ಬಸ್ಸು ಹತ್ತಿದ ಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದು ಇಷ್ಟು ದೊಡ್ಡದಿದೆ ಎಂದು ಗೊತ್ತಾಯಿತು.

ಮೊದಲ ಕೆಲವು ತಿಂಗಳು ನಾನು ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆಯಲಿಲ್ಲ. ಒಂದು ಮಧ್ಯಾಹ್ನ, ನಿದ್ದೆಯಿಂದ ಎದ್ದವನು ಮುಖ ತೊಳೆಯದೆ, ಏನೂ ಯೋಚಿಸದೆ ಹೋಗಿ ಅದರ ಮುಂದೆ ಕೂತೆ. ಬೆರಳು ತಾನಾಗಿ ಆ ಮೂರಕ್ಷರ ಹೊಡೆಯಿತು. ಮೊದಲನೆಯ ಪಾಠವನ್ನೇ ಕೇಳಿದೆ. ಯಂತ್ರ ಇನ್ನೂ ನಡೆಯುತ್ತಿದೆಯೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಪಾಠ ಬಂತು. ಅದರ ಹಿಂದೆ ಸಕ್ಕರೆಯೂ ಬಂತು.

"ಇವತ್ತು ಬರೂದು ತಡಾ ಆಕ್ಕೈತ್ರಿ. ನನ್ನ ದಾರಿ ಕಾಯಬ್ಯಾಡ್ರಿ, ಚಾ ಕುಡದ್ಬಿಡ್ರಿ."

ಯಾವತ್ತು ಹೇಳಿದ ಮಾತೋ ಅದು. ನಾನು ದಿನಕ್ಕೆ ಒಂದೇ ಪಾಠ ಕೇಳುತ್ತಿದ್ದೆ, ಅವಳು ಅದಕ್ಕಿಂತ ಹೆಚ್ಚು ಮುದ್ರಿಸಿ ಹಾಕುತ್ತಿದ್ದಳು. ಹಾಗಾಗಿ ಒಂದಷ್ಟು ಅಲ್ಲಿ ಉಳಿದುಕೊಂಡಿದ್ದವು. ಅಂದಿನಿಂದ ದಿನಾ ಮಧ್ಯಾಹ್ನ ಕೇಳಿದ ಪಾಠವನ್ನೇ ಮತ್ತೆ ತರಿಸತೊಡಗಿದೆ. ಪಾಠ ಒಂದು ನೆಪ. ಸಕ್ಕರೆಯನ್ನು ಒಂದೇ ಸಲ ತೆರೆಯುತ್ತಿದ್ದೆ, ಎರಡನೆಯ ಸಲ ಕೇಳುವ ಧೈರ್ಯ ಆಗುತ್ತಿರಲಿಲ್ಲ. ಇರಲಿ, ಎಲ್ಲ ಇಲ್ಲೇ ಇದ್ದಾವಲ್ಲ, ಮುಂದೆಂದಾದರೂ ಕೂತು ಒಟ್ಟಿಗೆ ಕೇಳಿದರಾಯಿತು ಅಂದುಕೊಂಡಿದ್ದೆ. ಕಚೇರಿಯಲ್ಲಿ ಅಷ್ಟು ವರ್ಷ ಹೊಸ ಕಾಗದವನ್ನು ಹಳೆಯದರ ಮೇಲೆ ಪೋಣಿಸಿದವನು ನಾನು. ಮೇಲೆ ಕಾಣುವುದರ ಅಡಿಯಲ್ಲಿ ಹಿಂದಿನದೆಲ್ಲ ಇರುತ್ತದೆ ಎಂಬ ನಂಬಿಕೆ ಕೈಗೇ ಕೂತುಬಿಟ್ಟಿತ್ತು. ಆ ಫೋಲ್ಡರಿನಲ್ಲಿ 'ಸಕ್ಕರಿ' ಎಂಬುದು ಯಾವಾಗಲೂ ಒಂದೇ ಕಾಣುತ್ತಿತ್ತು. ಅದು ವಿಚಿತ್ರ ಅನ್ನಿಸಲೇ ಇಲ್ಲ.

ಲ್ಯಾಬನ್ನು ಈಗ ಅವಳ ಹಳೆಯ ವಿದ್ಯಾರ್ಥಿನಿಯೊಬ್ಬಳು ನೋಡಿಕೊಳ್ಳುತ್ತಾಳೆ. ಅವಳಿಗೂ ಈಗ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿವೆ. ನನ್ನನ್ನು ಕಾಕಾ ಅನ್ನುತ್ತಾಳೆ. ಒಂದು ಭಾನುವಾರ ಮಾತಾಡಿಸಿ ಹೋಗಲು ಬಂದಳು. ಚಹಾ ಆಯಿತು, ಮಾತು ಮುಗಿಯಿತು. ಅವಳನ್ನು ನಗಿಸಬೇಕು ಅನ್ನಿಸಿ, "ನಿಮ್ಮ ಅಕ್ಕೋರ ಉಪ್ಪಿಟ್ಟಿನ ಮಾತು ಕೇಳತೀಯೇನವಾ?" ಎಂದು ಕಂಪ್ಯೂಟರಿನ ಮುಂದೆ ಕರೆದೊಯ್ದೆ. ಸಕ್ಕರೆ ತೆರೆದೆ. ಹಿಂದಿನ ದಿನ ಬಂದಿದ್ದ ಕೊತ್ತಂಬರಿಯ ಮಾತು ಕೇಳಿಸಿತು. ಮತ್ತೆ ತೆರೆದೆ. ಮತ್ತೆ ಅದೇ.

"ಹಳೇವು ಕೆಳಗ ಇರತಾವಲ್ಲ, ಅವನ್ನ ಹೆಂಗ ತಗೀಬೇಕು?" ಎಂದು ಕೇಳಿದೆ.

ಅವಳು ನನ್ನ ಕೈಯಿಂದ ಮೌಸು ಇಸಿದುಕೊಂಡಳು. ಎಲ್ಲ ಕಡೆ ನೋಡಿದಳು. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು.

"ಕಾಕಾ, ಕೆಳಗ ಏನೂ ಇರೂದಿಲ್ಲರಿ. ಒಂದ ಹೆಸರಿನ್ಯಾಗ ಒಂದ ಇರತೈತಿ. ಹೊಸಾದು ಬಂತಂದ್ರ ಹಳೇದು ಹೋಗಿಬಿಡತೈತಿ."

"ಹೋಗತೈತಿ ಅಂದ್ರ? ಅಲ್ಲಿ ನಿಮ್ಮ ಮಷಿನ್ನಿನ್ಯಾಗ ಇರತೈತಲ್ಲ?"

ಅವಳು ಬ್ಯಾಗಿನಿಂದ ತನ್ನ ಲ್ಯಾಪ್‌ಟಾಪ್ ತೆಗೆದು, ಅಲ್ಲಿಂದಲೇ ಕಾಲೇಜಿನ ಯಂತ್ರಕ್ಕೆ ಹೋಗಿ, ನನ್ನ ಹೆಂಡತಿ ಬರೆದಿದ್ದ ಆ ಪ್ರೋಗ್ರಾಮನ್ನು ಓದಿದಳು. ಓದುವಾಗ ಅವಳ ತುಟಿಗಳು ಅಲುಗುತ್ತಿದ್ದವು. ಒಮ್ಮೆ ಕಳಿಸಿದ ಮಾತನ್ನು ಮತ್ತೆ ಕಳಿಸದ ಹಾಗೆ, ಕಳಿಸಿದ ಕೂಡಲೇ ಆ ಕಡೆ ಅಳಿಸಿಬಿಡುವಂತೆ ಬರೆದಿತ್ತು. ಬದುಕಿರುವವರಿಗೆ ಅದರಲ್ಲಿ ಏನೂ ತಪ್ಪಿಲ್ಲ. ನಿನ್ನೆಯ ಕೊತ್ತಂಬರಿಯನ್ನು ಯಾರು ಕೂಡಿಡುತ್ತಾರೆ? ಹೇಗಿದ್ದರೂ ಸಂಜೆ ಅವಳೇ ಮನೆಗೆ ಬರುತ್ತಿದ್ದಳಲ್ಲ.

ಅಂದರೆ ಮಧ್ಯಾಹ್ನ ಮಧ್ಯಾಹ್ನವೂ ನಾನು ಅವಳ ದನಿ ಕೇಳುತ್ತಿದ್ದೆ, ಕೇಳಿಕೊಂಡಾಗಲೆಲ್ಲ ಹಿಂದಿನದೊಂದು ಎರಡೂ ಕಡೆಯಿಂದ ಹೋಗುತ್ತಿತ್ತು. ಸಂಜೆಯವರೆಗೂ ಲ್ಯಾಬಿನವಳು ಏನೇನೋ ಮಾಡಿ ನೋಡಿದಳು. ಹೋದವು ಸಿಗಲಿಲ್ಲ. ಹೊರಡುವ ಮೊದಲು ನನ್ನ ಕಂಪ್ಯೂಟರಿಗೆ ಹೊಸ ಆವೃತ್ತಿ ಹಾಕಿದಳು.

"ಇನ್ನ ಮ್ಯಾಲೆ ನೀವು ಹೆಸರು ಹೇಳಿ ಕೇಳಿದ್ದು ಅಷ್ಟ ಬರತೈತ್ರಿ. ಬ್ಯಾರೆ ಹೆಸರಿನ್ಯಾಗ ಏನರ ಬಂತಂದ್ರ ಬಾಗಿಲದಾಗ ನಿಂದರಸತೈತಿ. ಒಳಗ ತಗೋಳಿಲ್ಲಂದ್ರ ಆ ಕಡೆ ಅಳಸೂದೂ ಇಲ್ಲ. ಉಳದಿದ್ದು ಉಳೀಲಿ."

ಉಳಿದದ್ದು ಎಷ್ಟು ಎಂದು ನಾನು ಕೇಳಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅವಳೇ ಇನ್ನೊಂದು ಮಾತು ಹೇಳಿದಳು. ಆ ತಪಾಸಣೆ ಬೇಡವಾದರೆ ಕಮಾಂಡಿಗೆ ಇಂಥದೊಂದು ಅಕ್ಷರ ಸೇರಿಸಿದರೆ ಸಾಕು, ಮೊದಲಿನ ಹಾಗೆ ಕೊಟ್ಟದ್ದನ್ನೆಲ್ಲ ಇಸಿದುಕೊಳ್ಳುತ್ತದೆ. "ಹೇಳಬಾರದಿತ್ತು ನಾ. ಆದ್ರ ಮುಚ್ಚಿಡೂದೂ ಸರಿ ಅಲ್ಲ. ಹಚ್ಚಬ್ಯಾಡ್ರಿ ಕಾಕಾ. ಕಳಸೂ ನಡಕ ಕರೆಂಟ್ ಹೋತಂದ್ರ ಅಲ್ಲೂ ಇಲ್ಲ, ಇಲ್ಲೂ ಇಲ್ಲ ಆಗತೈತಿ. ಈ ಬ್ಯಾಸಿಗಿ ಸೂಟಿಯಾಗ ಆ ಹಳೇ ಮಷಿನ್ನೂ ತಗೀತಾರಂತ. ಅಷ್ಟರಾಗ ಏನರ ಮಾಡೂಣು."

ಮರುದಿನ ಮಧ್ಯಾಹ್ನ ಪಾಠ ಕೇಳಿದೆ. ಪಾಠ ಬಂತು. ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು: ಬಂದಿರುವ ಹೆಸರು ಕೇಳಿದ್ದಕ್ಕೆ ಹೊಂದುವುದಿಲ್ಲ.

ಆ ಸಾಲನ್ನು ನೋಡುತ್ತ ಕೂತೆ. ಅಷ್ಟು ದೂರದಿಂದ ಏನೋ ಒಂದು ಬಂದು ನಮ್ಮ ಬಾಗಿಲಿಗೆ ನಿಂತಿದೆ, ಅದನ್ನು ಒಳಗೆ ಬಿಟ್ಟಿಲ್ಲ. ಅದರಲ್ಲಿ ಏನಿತ್ತೋ. ಗ್ಯಾಸೋ, ಸೀರೆಯೋ. ಅದರ ಮರುದಿನವೂ ಕೇಳಿದೆ, ಅದೇ ಸಾಲು. ಹಾಗೆ ಒಂದು ವಾರವೇ ಕಳೆದಿರಬೇಕು. ಊಟಕ್ಕೆ ರುಚಿ ಹೋಯಿತು. ವೈನಿಯವರ ಡಬ್ಬಿಯಲ್ಲಿ ಬಂದ ಪಲ್ಯ ಹಾಗೇ ಹಳಸಿತು. ಅವಳು ಸತ್ತ ದಿನ ನನಗೆ ಅಳು ಬಂದಿರಲಿಲ್ಲ, ಓಡಾಟವಿತ್ತು. ಈಗ ಒಂದು ಇಂಗ್ಲಿಷ್ ಸಾಲು ನೋಡಿ ಮೂಗು ಒರೆಸಿಕೊಳ್ಳುತ್ತಿದ್ದೆ.

ಸಂಸಾರದಲ್ಲಿ ನಾನು ಅವಳನ್ನು ಹೆಚ್ಚು ಏನೂ ಕೇಳಿದವನಲ್ಲ. ಕೇಳುವ ಮೊದಲೇ ಬಂದಿರುತ್ತಿತ್ತು. ಬಸ್ಸಿಗೆ ಹೊರಟಾಗ ಜೇಬಿನಲ್ಲಿ ಕರವಸ್ತ್ರ, ಚಳಿಗೆ ಕಿವಿಗೆ ಮಫ್ಲರು, ಡಬ್ಬಿಯ ಮೂಲೆಯಲ್ಲಿ ಒಂದು ಚೂರು ಬೆಲ್ಲ. ಹೆಸರು ಹೇಳಿ ಕೇಳಿದ್ದು ಮಾತ್ರ ಬರಬೇಕು ಎಂದಿದ್ದರೆ ನನಗೆ ಏನೂ ಸಿಗುತ್ತಿರಲಿಲ್ಲ. ಇದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಕೊನೆಗೆ ಒಂದು ದಿನ ಆ ಅಕ್ಷರವನ್ನು ಸೇರಿಸಿ ಕಮಾಂಡ್ ಬರೆದೇಬಿಟ್ಟೆ. ಬಂದದ್ದನ್ನು ಕೂಡಲೇ ಬೇರೆ ಹೆಸರು ಕೊಟ್ಟು ಎತ್ತಿಟ್ಟರಾಯಿತು, ಕರೆಂಟು ದಿನಾ ಹೋಗುತ್ತದೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಕೇಳುವ ಪಾಠದ ಹೆಸರು ಬರೆಯಬೇಕಿತ್ತು. ಹಳೆಯ ಪಾಠಗಳನ್ನೆಲ್ಲ ಕೇಳಿ ಕೇಳಿ ಸವೆಸಿದ್ದೆ. ಅವಳು ಮುದ್ರಿಸಿದ ಕೊನೆಯ ಪಾಠವೊಂದನ್ನು ಮಾತ್ರ ತರಿಸಿರಲಿಲ್ಲ. ಕೊನೆಯದು ಎಂಬ ಕಾರಣಕ್ಕೇ ತರಿಸಿರಲಿಲ್ಲ. ಅಂದು ಅದರ ಹೆಸರು ಬರೆದೆ. ಎಂಟರ್ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಅನ್ನಿಸಿತು, ಮೊದಲು ಪಾಠವೊಂದೇ ಬರಲಿ, ಕೊನೆಯ ಪಾಠವನ್ನು ನೆಪ ಮಾಡುವುದು ಬೇಡ. ಸೇರಿಸಿದ್ದ ಅಕ್ಷರ ಅಳಿಸಿ ಎಂಟರ್ ಒತ್ತಿದೆ. ಪಾಠ ಬಂತು, ಮತ್ತೆ ಆ ಸಾಲೂ ಬಂತು.

ಪಾಠ ಇದೇ ದೋಷದ ಬಗ್ಗೆ ಇತ್ತು. ಅಂದು ಬಿಡುವಿನ ಪಿರಿಯಡ್ ಇರಲಿಲ್ಲವೇನೋ, ಹುಡುಗಿಯರನ್ನು ಎದುರಿಗೆ ಕೂರಿಸಿಕೊಂಡೇ ಮುದ್ರಿಸಿದ್ದಳು. ಬೆಂಚು ಸರಿಯುವ ಸದ್ದು, ಯಾರೋ ಕೆಮ್ಮಿದ್ದು ಎಲ್ಲ ಕೇಳಿಸುತ್ತಿತ್ತು.

"ಬಾಜೂ ಮನಿಗೆ ಹೋಗಿ ಹಿಟ್ಟು ಕೇಳಿದ್ರಿ. ಅವರು ಡಬ್ಬಿ ಕೊಟ್ರು. ಒಳಗ ಹಿಟ್ಟ ಐತಿ ಅಂತ ಹೆಂಗ ಹೇಳತೀರಿ?"

"ಮುಚ್ಚಳ ತಗದು ನೋಡಬೇಕ್ರಿ ಅಕ್ಕೋರ" ಎಂದಿತು ಒಂದು ಸಣ್ಣ ದನಿ.

"ಅವರ ಮುಂದ? ಏನ್ ತಿಳಕೊಂಡಾರು?" ನಗು. "ನಮ್ಮ ಮನ್ಯಾಗ ಒಬ್ಬರದಾರ. ಮುಚ್ಚಳ ತಗದು ನೋಡೂ ಪೈಕಿ ಅಲ್ಲ. ಕಲ್ಲು ಕಟ್ಟಿಕೊಟ್ರೂ ಥ್ಯಾಂಕ್ಸ್ ಅಂತ ಹೇಳಿ ತರತಾರ." ಹುಡುಗಿಯರು ಗೊಳ್ಳೆಂದರು. ಆಮೇಲೆ ಅವಳ ದನಿ ತಗ್ಗಿತು. "ಮನುಷ್ಯಾರಿಗೆ ಅದು ಛಲೋ. ಮಷಿನ್ನಿಗೆ ಅಲ್ಲ. ಅದಕ್ಕ ಈಗ ಸರಿ ಮಾಡ್ಯಾರ. ಕೊಟ್ಟಾವರು ಯಾರಂತ ನೋಡೂದಿಲ್ಲ. ನೀವು ಕೇಳಿದ ಹೆಸರು, ಬಂದ ಹೆಸರು, ಎರಡೂ ಒಂದ ಆದ್ರ ಒಳಗ. ನಿಮ್ಮ ಮನಿಯಾವರ ಕಳಸಿದ್ರೂ ಅಷ್ಟ. ಮನಿಯಾವರು ಕಳಸಿದ್ದು ಬೇಕಂದ್ರ ಹೆಸರು ಹೇಳಿ ಕೇಳ್ರಿ. ಕೇಳಾಕ ನಾಚಿಕಿ ಯಾಕ?"

ನಾನು ಅದನ್ನು ಎರಡನೆಯ ಸಲವೂ ಕೇಳಿದೆ.

ಮರುದಿನ ಬೆಳಗ್ಗೆ ಲ್ಯಾಬಿನವಳಿಗೆ ಫೋನು ಮಾಡಿದೆ. ಆ ಕಡೆಯ ಫೋಲ್ಡರಿನಲ್ಲಿ ಉಳಿದವಕ್ಕೆ ಹೆಸರುಗಳಿವೆಯೇ ಎಂದು ಕೇಳಿದೆ. ಇವೆ, ಅಕ್ಕೋರು ಒಂದೊಂದಕ್ಕೂ ಬೇರೆ ಹೆಸರು ಕೊಟ್ಟಿದ್ದಾರೆ, ಕಳಿಸುವಾಗ ಮಾತ್ರ ಎಲ್ಲವೂ ಸಕ್ಕರಿ ಆಗಿ ಹೊರಡುತ್ತವೆ ಅಂದಳು. ಪೆನ್ ಡ್ರೈವಿನಲ್ಲಿ ಹಾಕಿ ತಂದುಕೊಡಲೇ ಅಂದಳು. ಬೇಡ ಅಂದೆ. ಮಧ್ಯಾಹ್ನ ಅವಳು ಲ್ಯಾಬಿನಲ್ಲಿ ಕೂತು ಹೆಸರು ಹೇಳಲಿ, ನಾನು ಇಲ್ಲಿಂದ ಕೇಳುತ್ತೇನೆ ಎಂದು ಮಾತಾಯಿತು. ಆ ಹೊತ್ತಿಗೆ ಹಳೆಯ ಪ್ರೋಗ್ರಾಮನ್ನು ಅವಳು ನಿಲ್ಲಿಸಿದ್ದಳು. ಈಗ ಆ ಯಂತ್ರ ಏನನ್ನೂ ತಾನಾಗಿ ಸೇರಿಸುವುದೂ ಇಲ್ಲ, ಅಳಿಸುವುದೂ ಇಲ್ಲ.

ಫೋನನ್ನು ಸ್ಪೀಕರಿಗೆ ಹಾಕಿ ಕೀಬೋರ್ಡಿನ ಪಕ್ಕ ಇಟ್ಟುಕೊಂಡೆ.

"ಹೇಳ್ಲೇನ್ರಿ ಕಾಕಾ? ಒಂದನೇದು, ಛತ್ರಿ."

ಬರೆದೆ. "ಬಂತವಾ."

"ಬದನಿಕಾಯಿ."

"ಬಂತು."

"ದವಾಖಾನಿ."

ಬರೆಯುವ ಮೊದಲು ಕೇಳಿದೆ, "ನೀ ಏನರ ಕೇಳಿಯೇನು ಇದರಾಗ?"

"ಇಲ್ಲರಿ. ಮುಚ್ಚಳದ ಮ್ಯಾಲಿನ ಹೆಸರಷ್ಟ ನೋಡೇನಿ" ಅಂದಳು. "ಕೇಳ್ರಿ ಕಾಕಾ, ನಾ ಅದೇನಿ."

ದವಾಖಾನೆಯೂ ಬಂತು. (ಅದರಲ್ಲಿ ಇದ್ದದ್ದು ನನ್ನ ಕಣ್ಣಿನ ಪೊರೆಯ ಆಪರೇಷನ್ನಿನ ತಾರೀಖು ಮುಂದೆ ಹಾಕಿಸಬೇಕೆಂಬ ಮಾತು, ಅಷ್ಟೇ.) ಹೀಗೆ ಅವಳು ಹೆಸರು ಹೇಳುತ್ತ ಹೋದಳು, ನಾನು ಬಂತು ಬಂತು ಅನ್ನುತ್ತ ಹೋದೆ. ಒಂದರ ಹೆಸರು ಇನ್ನೊಂದಕ್ಕಿರಲಿಲ್ಲ, ಒಂದು ಇನ್ನೊಂದನ್ನು ಅಳಿಸಲಿಲ್ಲ. ಕೇಳಿದ್ದು ಬಂತು, ಕೇಳಿದಷ್ಟೇ ಬಂತು. ಹೆಚ್ಚು ಇರಲಿಲ್ಲ. ಲಗೂ ಮುಗಿಯಿತು. ಉಪ್ಪಿಟ್ಟು ಅವುಗಳಲ್ಲಿ ಇರುವುದಿಲ್ಲ ಎಂದು ಗೊತ್ತಿದ್ದರೂ ಕೊನೆಯ ತನಕ ಕಿವಿ ಅದನ್ನೇ ಕಾಯುತ್ತಿತ್ತು.

"ಇನ್ನ ಒಂದ ಉಳದೈತ್ರಿ. ಕೀಲಿ ಅಂತ ಹೆಸರು. ಬಾಕಿ ಎಲ್ಲಾ ಸಣ್ಣುವು, ಇದೊಂದು ಭಾಳ ದೊಡ್ಡದೈತಿ. ಯಾಕೋ ಏನೋ."

ಅದು ಬರಲು ಹೊತ್ತು ಹಿಡಿಯಿತು. ಬಂತು ಅಂದೆ. ಅವಳು ಸರಿ ಕಾಕಾ ಎಂದು ಫೋನಿಟ್ಟಳು.

ತೆರೆದೆ. ಮಾತು ಇರಲಿಲ್ಲ. ಫ್ಯಾನಿನ ಸದ್ದು, ಕುರ್ಚಿಗಳನ್ನು ಒಳಗೆ ದೂಡುವ ಸದ್ದು. ಮೈಕು ಬಂದ್ ಮಾಡಲು ಮರೆತಿದ್ದಾಳೆ ಎಂದು ಆಮೇಲೆ ಹೊಳೆಯಿತು. ಸಂಜೆ ಲ್ಯಾಬು ಮುಚ್ಚುತ್ತಿದ್ದಾಳೆ. ಒಂದರ ಹಿಂದೊಂದು ಸ್ವಿಚ್ಚು ಆರಿಸುತ್ತ ಬಂದಳು. ಫ್ಯಾನು ನಿಧಾನವಾಗಿ ನಿಂತಿತು. "ಎಲ್ಲಾ ಆತಲಾ" ಎಂದು ತನಗೆ ತಾನೇ ಅಂದಳು. ಬಾಗಿಲು ಎಳೆದ ಸದ್ದು. ಕೀಲಿಗೆ ಬಳೆ ತಾಗಿದ್ದು. ಆಮೇಲೆ ಚಪ್ಪಲಿಯ ಸಪ್ಪಳ, ಮೆಟ್ಟಿಲಿಳಿದು, ಸಣ್ಣದಾಗಿ, ಕೇಳದಾಯಿತು. ಆ ಯಂತ್ರ ಮಾತ್ರ ಯಾರೂ ಇಲ್ಲದ ಕೋಣೆಯಲ್ಲಿ ಗುಂಯ್ ಎನ್ನುತ್ತ ಮುದ್ರಿಸಿಕೊಳ್ಳುತ್ತಲೇ ಇತ್ತು. ಮರುದಿನ ಬಂದು ನೋಡಿದವಳು ಅದನ್ನು ಯಾಕೆ ಅಳಿಸಲಿಲ್ಲವೋ, ಹೆಸರು ಕೊಟ್ಟು ನನ್ನ ಪಾಲಿಗೆ ಯಾಕೆ ಹಾಕಿದಳೋ ಗೊತ್ತಿಲ್ಲ. ಕೇಳಿದ್ದರೆ ಏನಾದರೂ ಚೇಷ್ಟೆಯ ಉತ್ತರ ಕೊಡುತ್ತಿದ್ದಳು.

ಪರದೆಯ ಮೇಲೆ ನೋಡಿದರೆ ಒಟ್ಟು ಎರಡು ತಾಸಿನದು, ಆಮೇಲೆ ಮುದ್ರಣ ತಾನಾಗಿ ನಿಂತಿರಬೇಕು. ನಾನು ಅದನ್ನು ನಿಲ್ಲಿಸಲಿಲ್ಲ. ಆ ಮೆಟ್ಟಿಲಿನಿಂದ ಬಸ್‌ಸ್ಟಾಪಿಗೆ ಎಷ್ಟು ದೂರ, ಬಸ್ಸಿಳಿದು ನಮ್ಮ ಓಣಿಗೆ ಎಷ್ಟು ದೂರ, ನನಗೆ ಗೊತ್ತು. ಅವಳು ಹೊರಟಿದ್ದು ಮನೆಗೆ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೊರಬಾಗಿಲಿನ ಚಿಲಕ ತೆಗೆದು ಬಂದು ಮತ್ತೆ ಕೂತೆ.

ಡಬ್ಬಿ ಹಿಡಿದುಕೊಂಡು ವೈನಿಯವರು ಬಂದರು. ಬಡಿಯಲೆಂದು ಕೈ ಎತ್ತಿದವರು ಬಾಗಿಲು ತಾನಾಗಿ ಸರಿದದ್ದು ನೋಡಿ ಹೊಸ್ತಿಲಲ್ಲೇ ನಿಂತರು.

"ಬಾಗಿಲಾ ಯಾಕ ತಗದಿಟ್ಟೀರಿ?"

"ಗಾಳಿ ಬರಲಿ ಅಂತ್ರಿ ವೈನಿ."

"ಏನದು, ಗುಂಯ್ ಅನ್ನಲಿಕ್ಕತ್ತದ?"

"ಆಕಿ ಲ್ಯಾಬರಿ."

ಅವರು ಒಂದು ಗಳಿಗೆ ಕಿವಿಗೊಟ್ಟರು. ಶ್ರುತಿ ಹಿಡಿದು ಗೊತ್ತಿರುವ ಕಿವಿ ಅದು. ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಬಂದು, ಗೋಡೆಯ ಪಕ್ಕದ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಂಡು ಕೂತರು. ಆ ಸದ್ದು ನಿಲ್ಲುವ ತನಕ ಇಬ್ಬರೂ ಹಾಗೇ ಕೂತಿದ್ದೆವು.